ಟೈಟಾನಿಕ್‌ನ ಕೊನೆಯ ಸಾಕ್ಷಿಗಳು: ಯಾರ ಮಾತನ್ನು ಎಷ್ಟು ನಂಬಬೇಕು?

ಪ್ರಶ್ನೆ: ಹೈಸ್ಕೂಲಿನಲ್ಲಿದ್ದಾಗ ಟೈಟಾನಿಕ್ ಹಡಗಿನ ಕಥೆ ಓದಿದೆ. ನಿವೃತ್ತನಾಗಿ ಮೊಮ್ಮಕ್ಕಳನ್ನು ಆಡಿಸುವ ಈ ವಯಸ್ಸಿನಲ್ಲೂ ಆ ಗೀಳು ಬಿಟ್ಟಿಲ್ಲ. ಬದುಕುಳಿದವರ ಸಂದರ್ಶನಗಳನ್ನು ಹುಡುಕಿ ಹುಡುಕಿ ನೋಡುತ್ತೇನೆ. ಆದರೆ ಒಬ್ಬರು ಹೇಳಿದ್ದಕ್ಕೂ ಇನ್ನೊಬ್ಬರು ಹೇಳಿದ್ದಕ್ಕೂ ತಾಳೆಯಾಗುವುದಿಲ್ಲ. ಎಲ್ಲರಿಗಿಂತ ಕೊನೆಗೆ ತೀರಿಕೊಂಡವರು ಯಾರು? ಅವರಿಗೆ ನಿಜವಾಗಿ ಏನು ನೆನಪಿತ್ತು? ಎಪ್ಪತ್ತು ಎಂಬತ್ತು ವರ್ಷಗಳ ಮೇಲೆ ಹೇಳಿದ ಮಾತನ್ನು ನಂಬಬಹುದೇ? ‘ಮುಳುಗಿದ ಹಡಗಿನ ಚಿಂತೆ ನಿಮಗೇಕೆ’ ಎಂದು ಮನೆಯವರು ನಗುತ್ತಾರೆ.

ಉತ್ತರ: ಮನೆಯವರ ವಿಷಯ ಆಮೇಲೆ ನೋಡೋಣ. ಮೊದಲು ಹೆಸರುಗಳು.

ಟೈಟಾನಿಕ್‌ನಿಂದ ಪಾರಾದ ಸುಮಾರು 700 ಜನರಲ್ಲಿ ಎಲ್ಲರಿಗಿಂತ ಕೊನೆಗೆ ತೀರಿಕೊಂಡವರು ಇಂಗ್ಲೆಂಡಿನ ಮಿಲ್ವಿನಾ ಡೀನ್. 2009ರ ಮೇ 31ರಂದು, 97ನೇ ವಯಸ್ಸಿನಲ್ಲಿ. 1912ರ ಏಪ್ರಿಲ್‌ನಲ್ಲಿ ಹಡಗು ಮುಳುಗಿದಾಗ ಆಕೆ ಒಂಬತ್ತು ವಾರದ ಕೂಸು, ಹಡಗಿನಲ್ಲಿದ್ದವರಲ್ಲೆಲ್ಲ ಕಿರಿಯ ಜೀವ. ಪತ್ರಿಕೆಗಳು ‘ಕೊನೆಯ ಸಾಕ್ಷಿ’ ಎಂದು ಕರೆದವರಿಗೆ ಆ ರಾತ್ರಿಯ ಒಂದು ಕ್ಷಣವೂ ನೆನಪಿರಲಿಲ್ಲ. ಅವರಿಗಿಂತ ಮೊದಲು, 2007ರಲ್ಲಿ, ಹತ್ತು ತಿಂಗಳ ಮಗುವಾಗಿ ಪಾರಾಗಿದ್ದ ಬಾರ್ಬರಾ ವೆಸ್ಟ್ ಡೈಂಟನ್ ಇಂಗ್ಲೆಂಡಿನ ಟ್ರೂರೊ ಎಂಬ ಊರಿನಲ್ಲಿ ತೀರಿಕೊಂಡರು. ಅವರು ಪ್ರಚಾರದಿಂದ ದೂರವೇ ಉಳಿದವರು. ಅದಕ್ಕೂ ಹಿಂದೆ, 2006ರ ಮೇ 6ರಂದು, ಅಮೆರಿಕದ ಲಿಲಿಯನ್ ಆಸ್ಪ್ಲಂಡ್. ಇವರಿಗೆ ಆಗ ಐದು ವರ್ಷ, ನೆನಪಿತ್ತು. ಆದರೆ ಸಾರ್ವಜನಿಕವಾಗಿ ಬಾಯಿ ಬಿಡಲಿಲ್ಲ.

ನೆನಪಿಲ್ಲದವರು ಸಂದರ್ಶನ ಕೊಟ್ಟರು, ನೆನಪಿದ್ದವರು ಕೊಡಲಿಲ್ಲ. ಹಾಗಾಗಿ ಕೊನೆಯವರು ಹೋದಾಗ ಸಾಕ್ಷ್ಯವೂ ಹೋಯಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮಗೆ ದಕ್ಕದೇ ಹೋದದ್ದರಲ್ಲಿ ಹೆಚ್ಚಿನದು 1912ರಲ್ಲೇ ತಪ್ಪಿಹೋಯಿತು, ಜನರಿದ್ದೂ ಕೇಳದೇ ಇದ್ದುದರಿಂದ.

ಮಿಲ್ವಿನಾ ಅವರ ಮಾತನ್ನು ಹೇಗೆ ಕೇಳಬೇಕು ಎಂಬುದಕ್ಕೆ ಒಂದು ಉದಾಹರಣೆ. ಡೀನ್ ಕುಟುಂಬ ಅಮೆರಿಕದ ಕಾನ್ಸಾಸ್ ರಾಜ್ಯದ ವಿಚಿಟಾಗೆ ಹೊರಟಿತ್ತು. ಅಲ್ಲಿ ತಂಬಾಕಿನ ಅಂಗಡಿ ಇಡುವುದು ತಂದೆಯ ಆಸೆ. ಅವರು ಟೈಟಾನಿಕ್‌ಗೆ ಟಿಕೆಟ್ ತೆಗೆದವರೇ ಅಲ್ಲ. ಆ ವರ್ಷದ ಕಲ್ಲಿದ್ದಲು ಗಣಿ ಕಾರ್ಮಿಕರ ಮುಷ್ಕರದಿಂದ ಬೇರೆ ಹಡಗುಗಳು ನಿಂತು, ಪ್ರಯಾಣಿಕರನ್ನು ಇದಕ್ಕೆ ವರ್ಗಾಯಿಸಿದ್ದರು. ಡಿಕ್ಕಿಯ ಅದುರು ತಿಳಿದ ತಂದೆ ಮೇಲೆ ಹೋಗಿ ನೋಡಿಬಂದು, ಮಕ್ಕಳಿಗೆ ಬಟ್ಟೆ ತೊಡಿಸಿ ಮೇಲಕ್ಕೆ ನಡೆ ಎಂದು ಹೆಂಡತಿಗೆ ಹೇಳಿದರಂತೆ. ತಾಯಿ, ಎರಡು ವರ್ಷ ತುಂಬದ ಅಣ್ಣ, ಮಿಲ್ವಿನಾ ಉಳಿದರು, ತಂದೆ ಉಳಿಯಲಿಲ್ಲ. ಆ ‘ಅಂತೆ’ಯನ್ನು ಗಮನಿಸಿ. ಮಿಲ್ವಿನಾ ಟೈಟಾನಿಕ್‌ನಲ್ಲಿದ್ದರು ಎಂಬುದೇ ಅವರಿಗೆ ತಿಳಿದದ್ದು ಎಂಟನೇ ವಯಸ್ಸಿನಲ್ಲಿ, ತಾಯಿ ಮರುಮದುವೆಯಾಗುವ ಹೊತ್ತಿನಲ್ಲಿ. ಮುಂದೆ ಅವರು ಹೇಳಿದ್ದೆಲ್ಲ ತಾಯಿಯ ಬಾಯಿಂದ ಬಂದದ್ದು. ತಾಯಿಯ ಮಾತಿಗೆ ಬೆಲೆಯಿಲ್ಲವೆಂದಲ್ಲ. ಅದು ಮಗಳು ಕಂಡದ್ದಲ್ಲ, ಅಷ್ಟೇ.

ಅವರ ಬದುಕಿನಲ್ಲಿ ನಿಜಕ್ಕೂ ದಾಖಲೆಯಾಗಿ ಉಳಿಯುವುದು ಹಡಗಿನ ನಂತರದ ಸಂಗತಿಗಳು. ಕುಟುಂಬ ‘ಏಡ್ರಿಯಾಟಿಕ್’ ಹಡಗಿನಲ್ಲಿ ಇಂಗ್ಲೆಂಡಿಗೆ ಮರಳಿತು. ಟೈಟಾನಿಕ್‌ನ ಕೂಸನ್ನು ಎತ್ತಿಕೊಳ್ಳಲು ಹೆಂಗಸರು ಮುಗಿಬಿದ್ದು, ಕೊನೆಗೆ ಯಾರೂ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಎತ್ತಿಕೊಳ್ಳಬಾರದೆಂದು ಅಧಿಕಾರಿಯೊಬ್ಬರು ಕಟ್ಟಳೆ ಮಾಡಬೇಕಾಯಿತು ಎಂದು ಆ ವರ್ಷದ ಮೇ ತಿಂಗಳ ಲಂಡನ್ ಪತ್ರಿಕೆಯೊಂದು ಬರೆಯಿತು. ತೊಂಬತ್ತಾರು ವರ್ಷ ಕಳೆದು, 2008ರಲ್ಲಿ, ವೃದ್ಧಾಶ್ರಮದ ಶುಲ್ಕ ಕಟ್ಟಲು ಮಿಲ್ವಿನಾ ತಮ್ಮಲ್ಲಿದ್ದ ಸಾಮಾನುಗಳನ್ನು ಹರಾಜಿಗೆ ಇಟ್ಟರು. ಅದರಲ್ಲಿ ನ್ಯೂಯಾರ್ಕ್‌ನ ಜನ ತಾಯಿಗೆ ಬಟ್ಟೆ ತುಂಬಿ ಕೊಟ್ಟಿದ್ದ ಸೂಟ್‌ಕೇಸೂ ಇತ್ತು, ಪರಿಹಾರ ನಿಧಿಯ ಪತ್ರಗಳೂ ಇದ್ದವು. ಮರುವರ್ಷ ಅವರಿಗಾಗಿ ನಿಧಿಯೊಂದು ಹುಟ್ಟಿ, 1997ರ ಚಲನಚಿತ್ರದ ನಿರ್ದೇಶಕ ಜೇಮ್ಸ್ ಕ್ಯಾಮರಾನ್ ಮತ್ತು ನಾಯಕ ನಾಯಕಿಯರು ಹಣ ಕೊಟ್ಟರು. ಆ ಚಿತ್ರವನ್ನು ನೋಡಲು ಮಾತ್ರ ಮಿಲ್ವಿನಾ ಒಪ್ಪಿರಲಿಲ್ಲ. ತಂದೆ ಹೇಗೆ ಸತ್ತಿರಬಹುದೆಂದು ಪರದೆಯ ಮೇಲೆ ನೋಡುವ ಬಯಕೆ ಯಾವ ಮಗಳಿಗಿದ್ದೀತು?

ಈಗ ಲಿಲಿಯನ್ ಆಸ್ಪ್ಲಂಡ್. ಮೂರನೇ ದರ್ಜೆಯ ಸ್ವೀಡಿಷ್ ಕುಟುಂಬ: ಅಪ್ಪ, ಅಮ್ಮ, ಐದು ಮಕ್ಕಳು. ಆ ಬೆಳಗಿನ ಹೊತ್ತಿಗೆ ಉಳಿದವರು ತಾಯಿ ಸೆಲ್ಮಾ, ಲಿಲಿಯನ್, ಮೂರು ವರ್ಷದ ತಮ್ಮ ಫೆಲಿಕ್ಸ್. ತಂದೆಯೂ ಮೂವರು ಅಣ್ಣತಮ್ಮಂದಿರೂ ಹೋದರು. ಅವರಲ್ಲೊಬ್ಬ ಲಿಲಿಯನ್‌ನ ಅವಳಿ. ತಂದೆಯ ಶವ ಸಿಕ್ಕಿತು, ಜೇಬಿನಲ್ಲಿ 2 ಗಂಟೆ 19 ನಿಮಿಷಕ್ಕೆ ನಿಂತ ಗಡಿಯಾರವಿತ್ತು. ಹಡಗು ಪೂರ್ತಿ ಮುಳುಗಿದ ಸಮಯವೆಂದು ಆ ವರ್ಷ ಅಮೆರಿಕ, ಬ್ರಿಟನ್‌ಗಳಲ್ಲಿ ನಡೆದ ವಿಚಾರಣೆಗಳು ಗುರುತಿಸಿದ್ದು 2 ಗಂಟೆ 20. ಸೆಲ್ಮಾ ಹೆಚ್ಚು ಮಾತಾಡಲಿಲ್ಲ. ಅವರು ತೀರಿಕೊಂಡದ್ದು 1964ರ ಏಪ್ರಿಲ್ 15ರಂದು, ಹಡಗು ಮುಳುಗಿದ ದಿನವೇ. ಮಗಳೂ ತಾಯಿಯ ದಾರಿಯನ್ನೇ ಹಿಡಿದರು. ಹಣ ಕೊಡುತ್ತೇವೆಂದವರನ್ನೂ ಬಾಗಿಲಿನಿಂದಲೇ ಕಳಿಸಿದರು. ಅಭಿಮಾನಿಗಳಲ್ಲಿ ಕೆಲವರು ಇದನ್ನು ಇತಿಹಾಸಕ್ಕಾದ ನಷ್ಟವೆಂದು ಗೊಣಗುವುದನ್ನು ಕೇಳಿದ್ದೇನೆ. ನನಗೆ ಆ ಗೊಣಗಾಟ ರುಚಿಸುವುದಿಲ್ಲ. ನಾಲ್ವರನ್ನು ಕಳೆದುಕೊಂಡ ಮನೆ ನಮ್ಮ ಕುತೂಹಲಕ್ಕೆ ಸಾಲಗಾರನಲ್ಲ.

ಹಾಗಿದ್ದರೆ ಮಾತಾಡಿದವರ ಮಾತನ್ನು ಒರೆಗೆ ಹಚ್ಚುವುದು ಹೇಗೆ? ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಿಮ್ಮ ಗೀಳಿಗೆ ನಿಜವಾದ ಊಟ ಇಲ್ಲಿದೆ.

ರೂತ್ ಬೆಕರ್ ಎಂಬ ಹನ್ನೆರಡು ವರ್ಷದ ಹುಡುಗಿ ಟೈಟಾನಿಕ್‌ನ ಎರಡನೇ ದರ್ಜೆಯಲ್ಲಿದ್ದಳು. ಬಂದದ್ದು ನಮ್ಮ ಪಕ್ಕದ ಗುಂಟೂರಿನಿಂದ. ತಂದೆ ಅಲ್ಲಿಯ ಲೂಥರನ್ ಮಿಷನ್‌ನಲ್ಲಿದ್ದರು. ಎಳೆಯ ತಮ್ಮ ರಿಚರ್ಡ್‌ಗೆ ಕಾಯಿಲೆಯಾಗಿ, ಈ ಹವೆಯಲ್ಲಿ ಬದುಕುವುದಿಲ್ಲವೆಂದು ವೈದ್ಯರು ಹೇಳಿದ್ದರಿಂದ ತಾಯಿ ನೆಲ್ಲಿ ಮೂವರು ಮಕ್ಕಳೊಂದಿಗೆ ಅಮೆರಿಕಕ್ಕೆ ಹೊರಟಿದ್ದರು, ತಂದೆ ಗುಂಟೂರಿನಲ್ಲೇ ಉಳಿದಿದ್ದರು. ಆ ರಾತ್ರಿ ಚಳಿಯೆಂದು ತಾಯಿ ರೂತ್‌ಳನ್ನು ಕ್ಯಾಬಿನ್‌ಗೆ ಕಂಬಳಿ ತರಲು ಕಳಿಸಿದರು. ತಮ್ಮ, ತಂಗಿಯನ್ನು 11ನೇ ಲೈಫ್‌ಬೋಟ್‌ಗೆ ಹಾಕಿದರು, ತಾಯಿಯೂ ಹಾರಿದರು, ದೋಣಿ ತುಂಬಿತು. ಮೇಲೆ ನಿಂತಿದ್ದ ಮಗಳಿಗೆ ಬೇರೆ ದೋಣಿ ಹತ್ತು ಎಂದು ತಾಯಿ ಕೂಗಿದರು. ಹುಡುಗಿ ಹೋಗಿ 13ನೇ ದೋಣಿಯ ಬಳಿ ನಿಂತಿದ್ದ ಅಧಿಕಾರಿಯನ್ನು ಕೇಳಿದಳು, ಅವರು ಎತ್ತಿ ಒಳಗೆ ಕೂರಿಸಿದರು. ಬಾಯ್ಲರ್ ಮನೆಯಿಂದ ನೇರ ಬಂದಿದ್ದ ಕಾರ್ಮಿಕರು ಆ ದೋಣಿಯಲ್ಲಿ ತೋಳಿಲ್ಲದ ಅಂಗಿಯಲ್ಲೇ ನಡುಗುತ್ತಿದ್ದರು; ತಾಯಿಗೆಂದು ತಂದ ಕಂಬಳಿಗಳು ಅವರ ಮೈಮೇಲೆ ಹೋದವು.

13ನೇ ದೋಣಿ ನೀರಿಗೆ ತಾಗಿದಾಗ ಹಡಗಿನ ಬದಿಯಿಂದ ರಭಸವಾಗಿ ಹೊರಬೀಳುತ್ತಿದ್ದ ಕಂಡೆನ್ಸರ್ (ಯಂತ್ರದ ಹಬೆ ತಣಿಸುವ ಸಲಕರಣೆ) ನೀರು ಅದನ್ನು ಹಿಂದಕ್ಕೆ ತಳ್ಳಿತು. ತಳ್ಳಿದ್ದು ಸರಿಯಾಗಿ ಮೇಲಿನಿಂದ ಇಳಿಯುತ್ತಿದ್ದ 15ನೇ ದೋಣಿಯ ಕೆಳಕ್ಕೆ. ಮೇಲಿನ ದೋಣಿಯ ತಳ ಕೈಗೆಟಕುವಷ್ಟು ಹತ್ತಿರ ಬಂತು. ಕೂಗಿದರು, ಮೇಲಿದ್ದವರಿಗೆ ಕೇಳಿಸಲಿಲ್ಲ. ಹಗ್ಗ ಕತ್ತರಿಸಿ ದೋಣಿಯನ್ನು ಪಕ್ಕಕ್ಕೆ ಸರಿಸಿದ ಮೇಲೆ ಎಲ್ಲರೂ ಉಳಿದರು. ಇಳಿಯುತ್ತಿದ್ದ ಆ 15ನೇ ದೋಣಿಯಲ್ಲಿ ಇದ್ದವಳು ಐದು ವರ್ಷದ ಲಿಲಿಯನ್ ಆಸ್ಪ್ಲಂಡ್. ಅಂದರೆ ಮುಂದೆ ಮಾತಾಡಲಿದ್ದ ಹುಡುಗಿಯ ತಲೆಯ ಮೇಲೆ ಮುಂದೆ ಮೌನಿಯಾಗಲಿದ್ದ ಹುಡುಗಿ.

ರೂತ್ ಬೆಳೆದು ಶಾಲಾ ಶಿಕ್ಷಕಿಯಾದರು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೂ ಬಹುಕಾಲ ಈ ಸಂಗತಿ ಗೊತ್ತಿರಲಿಲ್ಲ. ನಿವೃತ್ತಿಯಾದ ಮೇಲಷ್ಟೇ ಬಾಯಿಬಿಟ್ಟರು. ಅಷ್ಟು ತಡವಾಗಿ ಹೇಳಿದ್ದನ್ನು ನಂಬಬಹುದೇ ಎಂಬುದು ನಿಮ್ಮ ಪ್ರಶ್ನೆ. ದೋಣಿಗಳ ಈ ಪ್ರಸಂಗದ ಮಟ್ಟಿಗೆ ಕಣ್ಣುಮುಚ್ಚಿ ನಂಬಬಹುದು. ಕಾರಣ, ಅದೇ 13ನೇ ದೋಣಿಯಲ್ಲಿದ್ದ ಬಾಯ್ಲರ್ ಕಾರ್ಮಿಕರ ಮುಖಂಡ ಫ್ರೆಡರಿಕ್ ಬ್ಯಾರೆಟ್ 1912ರ ವಿಚಾರಣೆಯಲ್ಲಿ ಅದನ್ನೇ ಹೇಳಿದ್ದಾರೆ. ಅದೇ ದೋಣಿಯಲ್ಲಿದ್ದ ವಿಜ್ಞಾನ ಶಿಕ್ಷಕ ಲಾರೆನ್ಸ್ ಬೀಸ್ಲಿ ಅದೇ ವರ್ಷ ಅದನ್ನೇ ಬರೆದಿದ್ದಾರೆ. ಒಬ್ಬ ಕಾರ್ಮಿಕ, ಒಬ್ಬ ಮೇಷ್ಟರು, ಒಬ್ಬ ಹುಡುಗಿ. ಮೂವರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಹೇಳಿದ್ದು ಒಂದೇ. ಇದನ್ನೇ ನಾನು ತಾಳೆ ಎನ್ನುವುದು. ಸಂದರ್ಶನದಲ್ಲಿ ಎಷ್ಟು ಕಣ್ಣೀರು ಬಂತು ಎಂಬುದರಿಂದ ಸಾಕ್ಷ್ಯವನ್ನು ಅಳೆಯಲಾಗದು.

ಭಾರತದ ಇನ್ನೊಂದು ನಂಟನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಧ್ಯಪ್ರಾಂತ್ಯದ ಜಾಂಜ್‌ಗೀರ್‌ನಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ನಡೆಸುತ್ತಿದ್ದ ಮೆನೊನೈಟ್ ಎಂಬ ಕ್ರೈಸ್ತ ಪಂಥದ ಮಿಷನರಿ ಆ್ಯನಿ ಫಂಕ್, ತಾಯಿಗೆ ಕಾಯಿಲೆಯೆಂಬ ತಂತಿ ಬಂದು ಬೊಂಬಾಯಿಯಿಂದ ಹೊರಟರು. ಇವರದೂ ಬೇರೆ ಹಡಗಿನ ಟಿಕೆಟ್, ಇವರನ್ನೂ ಅದೇ ಮುಷ್ಕರ ಟೈಟಾನಿಕ್‌ಗೆ ತಂದು ಹಾಕಿತು. ಹಡಗಿನಲ್ಲೇ 38ನೇ ಹುಟ್ಟುಹಬ್ಬ ಕಳೆದು, ಮೂರನೆಯ ದಿನಕ್ಕೆ ಸತ್ತರು. ದೋಣಿಯ ತಮ್ಮ ಜಾಗವನ್ನು ಒಬ್ಬ ತಾಯಿಗೆ ಬಿಟ್ಟುಕೊಟ್ಟರು ಎಂಬ ಕಥೆ ಪ್ರಚಲಿತವಾಗಿದೆ. ಸುಂದರವಾದ ಕಥೆ. ತಾಳೆ ಹಾಕಲು ಎರಡನೆಯ ಸಾಕ್ಷಿ ಇಲ್ಲದ ಕಥೆಗಳನ್ನು ನಾನು ಬೇರೆ ಕಟ್ಟಿನಲ್ಲಿ ಇಡುತ್ತೇನೆ.

ಈಗ ಇದರ ತಿರುವುಮುರುವು: ಸಾಕ್ಷಿ ಸರಿಯಾಗಿತ್ತು, ಕೇಳಿದವರು ತಪ್ಪಿದರು. ಇವಾ ಹಾರ್ಟ್‌ಗೆ ಆಗ ಏಳು ವರ್ಷ. ತಾಯಿ ಎಸ್ತರ್‌ಗೆ ಹಡಗು ಹತ್ತುವ ಮೊದಲಿನಿಂದಲೇ ಏನೋ ಅಳುಕು. ರಾತ್ರಿಯೆಲ್ಲ ಬಟ್ಟೆ ಬದಲಿಸದೆ ಎಚ್ಚರವಿದ್ದು ಹಗಲು ಮಲಗುತ್ತಿದ್ದರು. ತಂದೆ ಬೆಂಜಮಿನ್ ಇಬ್ಬರನ್ನೂ 14ನೇ ದೋಣಿಗೆ ಹತ್ತಿಸಿ ತಾವು ಉಳಿದರು. ಹಡಗು ಎರಡು ತುಂಡಾಗಿ ಮುಳುಗಿತು, ನಾನು ಕಣ್ಣಾರೆ ಕಂಡೆ ಎಂದು ಇವಾ ಜೀವನವಿಡೀ ಹೇಳಿದರು. ತಜ್ಞರು ಮಗುವಿನ ಭ್ರಮೆ ಎಂದರು. 1912ರಲ್ಲಿ ಲಾರ್ಡ್ ಮರ್ಸಿ ಅವರ ಬ್ರಿಟಿಷ್ ವಿಚಾರಣೆ ಹಡಗು ತುಂಡಾಗಲಿಲ್ಲವೆಂದೇ ವರದಿ ಬರೆದಿತ್ತು. ಬದುಕುಳಿದ ಅಧಿಕಾರಿಗಳಲ್ಲಿ ಹಿರಿಯರಾದ ಚಾರ್ಲ್ಸ್ ಲೈಟಾಲರ್ ಅಖಂಡವಾಗಿಯೇ ಮುಳುಗಿತು ಎಂದಿದ್ದರು. ಅಧಿಕಾರಿಯ ಮಾತಿನ ಮುಂದೆ ಬೇರೆಯವರ ಮಾತು ನಿಲ್ಲಲಿಲ್ಲ. ಹದಿನೇಳು ವರ್ಷದ ಜ್ಯಾಕ್ ಥೇಯರ್ ವಿವರಿಸಿದ್ದನ್ನು ಕೇಳಿ, ರಕ್ಷಣೆಗೆ ಬಂದ ಕಾರ್ಪೇಥಿಯಾ ಹಡಗಿನ ಪ್ರಯಾಣಿಕರೊಬ್ಬರು ಅಂದೇ ಚಿತ್ರ ಬರೆದಿದ್ದರು. ಆ ಚಿತ್ರದಲ್ಲಿ ಹಡಗು ಮುರಿದಿದೆ. ಪತ್ರಿಕೆಗಳಲ್ಲೂ ಅಚ್ಚಾಯಿತು. ಆದರೂ ಎಪ್ಪತ್ತು ಚಿಲ್ಲರೆ ವರ್ಷ ಪುಸ್ತಕಗಳಲ್ಲಿ ಟೈಟಾನಿಕ್ ಅಖಂಡವಾಗಿಯೇ ಮುಳುಗುತ್ತಿತ್ತು.

1985ರ ಸೆಪ್ಟೆಂಬರ್ 1ರಂದು ರಾಬರ್ಟ್ ಬ್ಯಾಲಾರ್ಡ್ ಮತ್ತು ಜಾನ್ ಲೂಯಿ ಮಿಶೆಲ್ ನೇತೃತ್ವದ ಅಮೆರಿಕ-ಫ್ರಾನ್ಸ್ ತಂಡ ಅವಶೇಷವನ್ನು ಪತ್ತೆ ಮಾಡಿತು. ಸುಮಾರು 3,800 ಮೀಟರ್ ಆಳದಲ್ಲಿ ಮುಂಭಾಗ ಒಂದು ಕಡೆ, ಹಿಂಭಾಗ ಅಲ್ಲಿಂದ ಸುಮಾರು 600 ಮೀಟರ್ ದೂರದಲ್ಲಿ. ಇವಾ ಹಾರ್ಟ್ ಆಗ ಎಂಬತ್ತರ ಅಜ್ಜಿ.

ಇದರಿಂದ ಇವಾ ಹೇಳಿದ್ದೆಲ್ಲ ನಿಜವೆಂದು ತೀರ್ಮಾನಿಸಬೇಡಿ. ಅಭಿಮಾನಿಗಳು ಜಾರುವುದು ಇಲ್ಲೇ. ವಾದ್ಯವೃಂದ ಕೊನೆಗೆ ನುಡಿಸಿದ್ದು ಒಂದು ಪ್ರಸಿದ್ಧ ಪ್ರಾರ್ಥನಾ ಗೀತೆ ಎಂದೂ ಅವರು ಹೇಳುತ್ತಿದ್ದರು. ಹಲವರು ಹಾಗೆಯೇ ಹೇಳಿದ್ದಾರೆ. ಹೆಚ್ಚುಕಡಿಮೆ ಕೊನೆಯವರೆಗೂ ಹಡಗಿನ ಮೇಲೆಯೇ ಇದ್ದ ವೈರ್‌ಲೆಸ್ ನಿರ್ವಾಹಕ ಹೆರಾಲ್ಡ್ ಬ್ರೈಡ್, ನ್ಯೂಯಾರ್ಕ್ ತಲುಪಿದೊಡನೆ ಪತ್ರಿಕೆಗೆ ಹೇಳಿದ್ದು ಬೇರೆ ರಾಗದ ಹೆಸರು. ಮುರಿದ ಹಡಗನ್ನು ದೂರದ ದೋಣಿಯಿಂದ ಕಾಣಬಹುದು. ಸಾಯುತ್ತಿರುವ ಜನರ ಕೂಗಿನ ನಡುವೆ ದೂರದಿಂದ ರಾಗ ಗುರುತಿಸುವುದು ಬೇರೆ ಮಾತು. ಒಬ್ಬರನ್ನೇ ಒಂದು ವಿಷಯಕ್ಕೆ ನಂಬಿ, ಇನ್ನೊಂದಕ್ಕೆ ಅನುಮಾನಿಸುವುದರಲ್ಲಿ ಅಗೌರವವೇನೂ ಇಲ್ಲ.

ನೀವು ಸಂದರ್ಶನ ನೋಡುವಾಗ ಮೊದಲು ದಿನಾಂಕ ನೋಡಿ. 1985ಕ್ಕೆ ಮುಂಚಿನದೇ, ಆಮೇಲಿನದೇ? ಅವಶೇಷ ಸಿಗುವ ಮೊದಲೇ ‘ಮುರಿಯಿತು’ ಎಂದವರ ಮಾತಿಗೆ ಇರುವ ತೂಕ, ಟಿವಿಯಲ್ಲಿ ಎರಡು ತುಂಡನ್ನು ನೋಡಿದ ಮೇಲೆ ‘ಹೌದು, ನಾನೂ ಕಂಡೆ’ ಎಂದವರ ಮಾತಿಗಿಲ್ಲ. 1997ರ ಚಿತ್ರದ ನಂತರದ ಸಂದರ್ಶನಗಳನ್ನು ಇನ್ನೂ ಎಚ್ಚರದಿಂದ ಕೇಳಿ. ಯಾರೂ ಬೇಕೆಂದು ಸುಳ್ಳು ಹೇಳುತ್ತಿರಲಿಲ್ಲ. ನೆನಪು ತಾನು ನೋಡಿದ್ದಕ್ಕೂ ತನಗೆ ತೋರಿಸಿದ್ದಕ್ಕೂ ಗೆರೆ ಎಳೆದು ಇಟ್ಟುಕೊಳ್ಳುವುದಿಲ್ಲ. ಆಮೇಲೆ ವಯಸ್ಸು. ಮೂರು ಮೂರೂವರೆ ವರ್ಷಕ್ಕಿಂತ ಹಿಂದಿನದು ದೊಡ್ಡವರಾದ ಮೇಲೆ ಸಾಮಾನ್ಯವಾಗಿ ಯಾರಿಗೂ ನೆನಪಿರುವುದಿಲ್ಲ.

ಈ ಗಡಿಯ ಮೇಲೆಯೇ ನಿಂತವರು ಫ್ರಾನ್ಸಿನ ಮಿಶೆಲ್ ನವ್ರಾಟಿಲ್. 2001ರ ಜನವರಿಯಲ್ಲಿ ತೀರಿಕೊಂಡ ಅವರು ಬದುಕುಳಿದ ಗಂಡಸರಲ್ಲಿ ಕೊನೆಯವರು. ಆಗ ಅವರಿಗೆ ನಾಲ್ಕು ತುಂಬಲು ಎರಡು ತಿಂಗಳಿತ್ತು. ನೀಸ್ ನಗರದಲ್ಲಿ ದರ್ಜಿಯಾಗಿದ್ದ ತಂದೆ, ಹೆಂಡತಿಯಿಂದ ಬೇರೆಯಾಗಿ, ಈಸ್ಟರ್ ರಜೆಗೆಂದು ಬಂದ ಇಬ್ಬರು ಗಂಡುಮಕ್ಕಳನ್ನು ಹಾಫ್‌ಮನ್ ಎಂಬ ಸುಳ್ಳು ಹೆಸರಿನಲ್ಲಿ ಟೈಟಾನಿಕ್ ಹತ್ತಿಸಿದ್ದ. ಮಕ್ಕಳನ್ನು ಕೊನೆಯ ದೋಣಿಗಳಲ್ಲೊಂದಕ್ಕೆ ದಾಟಿಸಿ ತಾನು ಸತ್ತ. ನ್ಯೂಯಾರ್ಕ್‌ನಲ್ಲಿ ಈ ಮಕ್ಕಳು ಯಾರೆಂದು ಯಾರಿಗೂ ತಿಳಿಯದೆ, ಪತ್ರಿಕೆಯಲ್ಲಿ ಫೋಟೊ ಬಂದು, ತಾಯಿ ಮಾರ್ಸೆಲ್ ಅದನ್ನು ನೋಡಿ ಮೇ ತಿಂಗಳಲ್ಲಿ ಹಡಗು ಹತ್ತಿ ಬಂದು ಕರೆದೊಯ್ದರು. ಸುಳ್ಳು ಹೆಸರು ಯೆಹೂದಿಯರದೆಂದು ಭಾವಿಸಿ ತಂದೆಯನ್ನು ಕೆನಡಾದ ಹ್ಯಾಲಿಫ್ಯಾಕ್ಸ್‌ನ ಯೆಹೂದಿ ಸ್ಮಶಾನದಲ್ಲಿ ಹೂಳಿದ್ದರು; ಮಗ ಆ ಸಮಾಧಿಯನ್ನು ನೋಡಿದ್ದು 1996ರಲ್ಲಿ. ತಾಯಿಗೆ ತಲುಪಿಸಬೇಕಾದ ಪ್ರೀತಿಯ ಮಾತುಗಳನ್ನು ದೋಣಿಗೆ ಇಳಿಸುವಾಗ ತಂದೆ ನನಗೆ ಹೇಳಿದ್ದರು ಎಂದು ಮಿಶೆಲ್ ಮುಪ್ಪಿನಲ್ಲಿ ಹೇಳಿದರು. ಅವರು ತತ್ತ್ವಶಾಸ್ತ್ರದ ಪ್ರಾಧ್ಯಾಪಕರು, ಮಾತನ್ನು ತೂಗಿ ಆಡುವವರು. ಆದರೂ ನಾಲ್ಕು ತುಂಬದ ಮಗು ಅಷ್ಟುದ್ದದ ವಾಕ್ಯವನ್ನು ಹಾಗೆಯೇ ಹಿಡಿದಿಟ್ಟುಕೊಂಡಿತು ಎಂದು ನಾನು ದಾಖಲೆಯಲ್ಲಿ ಬರೆಯಲಾರೆ.

ಮಾತಿಲ್ಲದ ಸಾಕ್ಷಿಗಳೂ ಉಂಟು. ಹ್ಯಾಲಿಫ್ಯಾಕ್ಸ್‌ನ ಫೇರ್‌ವ್ಯೂ ಲಾನ್ ಸ್ಮಶಾನದಲ್ಲಿ ಗುರುತು ಸಿಗದ ಒಂದು ಮಗುವನ್ನು ಹೂಳಿ, ಶವ ಎತ್ತಿದ ಮೆಕೇ-ಬೆನೆಟ್ ಹಡಗಿನ ನಾವಿಕರು ತಮ್ಮ ಹಣದಿಂದ ಕಲ್ಲು ಹಾಕಿಸಿದ್ದರು. ಸತ್ತವರ ಬಟ್ಟೆಗಳನ್ನು ಯಾರೂ ನೆನಪಿನ ಕಾಣಿಕೆಯೆಂದು ಕದ್ದೊಯ್ಯದಿರಲಿ ಎಂದು ಸುಡಲಾಯಿತು. ಪೊಲೀಸ್ ಸಾರ್ಜೆಂಟ್ ಕ್ಲಾರೆನ್ಸ್ ನಾರ್ತೋವರ್‌ಗೆ ಆ ಮಗುವಿನ ಪುಟ್ಟ ಕಂದು ಬೂಟುಗಳನ್ನು ಸುಡಲು ಮನಸ್ಸಾಗದೆ ಮೇಜಿನ ಖಾನೆಯಲ್ಲಿ ಇಟ್ಟುಕೊಂಡರು. 2002ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಮಗು ಫಿನ್‌ಲೆಂಡಿನ ಹದಿಮೂರು ತಿಂಗಳ ಐನೊ ಪನುಲಾ ಎಂದು ಘೋಷಣೆಯಾಯಿತು. ಅದೇ ವರ್ಷ ನಾರ್ತೋವರ್ ಅವರ ಮೊಮ್ಮಗ ಬೂಟುಗಳನ್ನು ಅಲ್ಲಿಯ ಸಾಗರ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ನೋಡಿದರೆ, ಹದಿಮೂರು ತಿಂಗಳ ಕಾಲಿಗೆ ಅವು ದೊಡ್ಡವು. ಮತ್ತೆ ಪರೀಕ್ಷೆ ನಡೆದು 2007ರಲ್ಲಿ ನಿಜವಾದ ಹೆಸರು ಸಿಕ್ಕಿತು: ಹತ್ತೊಂಬತ್ತು ತಿಂಗಳ ಸಿಡ್ನಿ ಗುಡ್ವಿನ್, ಎಂಟು ಜನರಲ್ಲಿ ಒಬ್ಬರೂ ಉಳಿಯದ ಇಂಗ್ಲಿಷ್ ಕುಟುಂಬದ ಕಿರಿಯ ಮಗ. ಪ್ರಯೋಗಾಲಯವನ್ನು ತಿದ್ದಿದ್ದು ಒಂದು ಜೊತೆ ಬೂಟು.

ಡಿಎನ್‌ಎ ಇನ್ನೊಂದು ಬಗೆಯ ಕೆಲಸವನ್ನೂ ಮಾಡಿದೆ. ಮೊದಲ ದರ್ಜೆಯ ಮಕ್ಕಳಲ್ಲಿ ಸತ್ತವಳು ಲೊರೇನ್ ಆಲಿಸನ್ ಒಬ್ಬಳೇ. ನಾನೇ ಆ ಲೊರೇನ್ ಎಂದು 1940ರಲ್ಲಿ ಹೆಲೆನ್ ಕ್ರೇಮರ್ ಎಂಬಾಕೆ ಮುಂದೆ ಬಂದರು. ಅವರು ತೀರಿಕೊಂಡ ಮೇಲೂ ವಾದ ನಡೆದೇ ಇತ್ತು. ಎಪ್ಪತ್ತಕ್ಕೂ ಹೆಚ್ಚು ವರ್ಷದ ಮೇಲೆ ರಕ್ತಸಂಬಂಧವಿಲ್ಲವೆಂದು ಪರೀಕ್ಷೆ ತೋರಿಸಿತು. ಪ್ರಸಿದ್ಧ ದುರಂತಕ್ಕೆ ಇಂಥ ನಂಟರು ಹುಟ್ಟಿಕೊಳ್ಳುವುದು ಹೊಸದೇನಲ್ಲ.

ಇನ್ನು ನಿಮ್ಮ ಮನೆಯವರ ನಗು. ಬದುಕುಳಿದವರನ್ನು ಹುಡುಕಿ ಮಾತಾಡಿಸಿ, ಪತ್ರ ಬರೆದು, ಅವರ ಮಾತುಗಳನ್ನು ಕೂಡಿಟ್ಟವರಲ್ಲಿ ಬಹುಪಾಲು ವಿಶ್ವವಿದ್ಯಾಲಯದವರಲ್ಲ. ನಿಮ್ಮಂತೆ ಗೀಳು ಹತ್ತಿದವರು. 1963ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಎಡ್ವರ್ಡ್ ಕಮುಡಾ ಮತ್ತು ಕೆಲವು ಗೆಳೆಯರು ಸಂಘ ಕಟ್ಟದೇ ಇದ್ದಿದ್ದರೆ ಎಷ್ಟೋ ಮುದುಕ ಮುದುಕಿಯರ ನೆನಪು ಅವರೊಂದಿಗೇ ಹೋಗುತ್ತಿತ್ತು. ಗೀಳಿಗೂ ಒಂದು ಎಲ್ಲೆ ಇರಬೇಕೆಂದು ಮಾತ್ರ ಹೇಳುತ್ತೇನೆ. 1987ರಿಂದ ಅವಶೇಷದ ಬಳಿಯಿಂದ ವಸ್ತುಗಳನ್ನು ಮೇಲೆತ್ತಲು ಶುರುವಾದಾಗ, ನಮ್ಮಪ್ಪನ ಗೋರಿಯನ್ನು ಅಗೆಯುತ್ತಿದ್ದಾರೆ ಎಂಬ ಧಾಟಿಯಲ್ಲಿ ಇವಾ ಹಾರ್ಟ್ ಸಿಡಿದೆದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ.

ಮುಂದೆ ಏನು ಓದಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಂದರ್ಶನಗಳನ್ನು ಸ್ವಲ್ಪ ದಿನ ಬದಿಗಿಟ್ಟು 1912ರ ಎರಡು ವಿಚಾರಣೆಗಳ ಪೂರ್ಣ ನಡಾವಳಿ ಓದಿ. ಎರಡೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅಮೆರಿಕದ ಸೆನೆಟ್ ಸಮಿತಿ ಕಾರ್ಪೇಥಿಯಾ ದಡ ಮುಟ್ಟಿದ ಮರುದಿನವೇ, ಏಪ್ರಿಲ್ 19ರಂದು, ನ್ಯೂಯಾರ್ಕ್‌ನ ಹೋಟೆಲೊಂದರಲ್ಲಿ ಕೂತು ಕೇಳಲು ಶುರುಮಾಡಿತು. ಲಂಡನ್‌ನದು 25,000ಕ್ಕೂ ಹೆಚ್ಚು ಪ್ರಶ್ನೆಗಳ ಮಹಾಗ್ರಂಥ. ಅಷ್ಟೊಂದು ಪ್ರಶ್ನೆ ಕೇಳಿದ ಲಂಡನ್ ವಿಚಾರಣೆ ಮೂರನೇ ದರ್ಜೆಯ ಒಬ್ಬನೇ ಒಬ್ಬ ಪ್ರಯಾಣಿಕನನ್ನು ಕರೆಸಲಿಲ್ಲ. ಎರಡನೇ ದರ್ಜೆಯ ಮಕ್ಕಳೆಲ್ಲ ಉಳಿದು, ಮೂರನೇ ದರ್ಜೆಯ ಮಕ್ಕಳಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಉಳಿದ ದುರಂತದ ವಿಚಾರಣೆ ಅದು. ಡೀನ್ ಅವರ ತಾಯಿ ಇದ್ದರು, ಸೆಲ್ಮಾ ಆಸ್ಪ್ಲಂಡ್ ಇದ್ದರು. ಕೇಳಿದ್ದರೆ ಹೇಳುತ್ತಿದ್ದರೋ ಏನೋ, ಕೇಳಲಿಲ್ಲ.

ಅಮೆರಿಕದವರು ಮೂರನೇ ದರ್ಜೆಯ ಮೂವರನ್ನು ಕೇಳಿದರು. ಅವರಲ್ಲಿ ಐರ್ಲೆಂಡಿನ ಯುವಕ ಡೇನಿಯಲ್ ಬಕ್ಲಿಯ ಹೇಳಿಕೆಯಿಂದ ಆರಂಭಿಸಿ. ಮೂರನೇ ದರ್ಜೆಯಿಂದ ಮೇಲೆ ಬರುವ ದಾರಿಯ ಗೇಟಿಗೆ ಬೀಗ ಬಿದ್ದದ್ದು, ಒಬ್ಬ ಪ್ರಯಾಣಿಕ ಅದನ್ನು ಮುರಿದದ್ದು ಅಲ್ಲಿದೆ. ದೋಣಿಯಲ್ಲಿ ಅಳುತ್ತ ಕೂತಿದ್ದ ಅವನ ಮೇಲೆ ಹೆಂಗಸೊಬ್ಬಳು ತನ್ನ ಶಾಲು ಹೊದಿಸಿ ಮರೆಮಾಡಿದ್ದನ್ನೂ ಅವನು ಮುಚ್ಚಿಡದೆ ಹೇಳಿದ್ದಾನೆ. ತನಗೆ ಅವಮಾನ ತರುವ ಸಂಗತಿಯನ್ನು ತಾನಾಗಿ ಹೇಳುವ ಸಾಕ್ಷಿಯನ್ನು ನಾನು ಉಳಿದದ್ದಕ್ಕೂ ನಂಬುತ್ತೇನೆ. ಅವನನ್ನು ಯಾರೂ ಮುಪ್ಪಿನಲ್ಲಿ ಸಂದರ್ಶಿಸುವ ಹಾಗಿರಲಿಲ್ಲ. ಅಮೆರಿಕದ ಸೈನ್ಯ ಸೇರಿ 1918ರಲ್ಲಿ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಸತ್ತ. ಆದರೆ ಅವನ ಹೇಳಿಕೆ ದುರಂತ ನಡೆದು ಮೂರು ವಾರ ತುಂಬುವುದರೊಳಗೆ ದಾಖಲಾದದ್ದು.